ಗ್ರಾಫಿಗೆ ಯಾವ ಸಾಫ್ಟ್‌ವೇರ್? ಗದಗದ ಉಪನ್ಯಾಸಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಗದಗದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ನೆಟ್ ಒಂದು ದಿನ ಇದ್ದರೆ ಇನ್ನೊಂದು ದಿನ ಇರುವುದಿಲ್ಲ. ಮಕ್ಕಳು ಪ್ರಾಕ್ಟಿಕಲ್ ರೀಡಿಂಗುಗಳನ್ನು ಎಕ್ಸೆಲ್‌ಗೆ ಹಾಕಿ ಗ್ರಾಫು ತೆಗೆಯುತ್ತಾರೆ. ಪ್ರಾಜೆಕ್ಟ್ ಮಾಡುವವರು ಧಾರವಾಡದಲ್ಲಿ ಸ್ಯಾಂಪಲ್ ಕೊಟ್ಟು ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಸ್ಫಟಿಕದ ರಚನೆ ನೋಡುವ ಪರೀಕ್ಷೆ), ಯುವಿ (ಸ್ಯಾಂಪಲ್ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಪರೀಕ್ಷೆ) ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತರುತ್ತಾರೆ. ಕೆಲವರು ದುಡ್ಡು ಕೊಟ್ಟು ಕೊಳ್ಳಬೇಕಾದ ಒರಿಜಿನ್ ಎಂಬ ಗ್ರಾಫು ಸಾಫ್ಟ್‌ವೇರನ್ನು ಕ್ರ್ಯಾಕ್ ಮಾಡಿ ಹಾಕಿಕೊಂಡಿದ್ದಾರೆ. ಅದು ನನಗೆ ಸರಿ ಕಾಣುತ್ತಿಲ್ಲ. ದುಡ್ಡು ಕೊಡದೆ ಸಿಗುವ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಬಳಸಬಹುದಾದ ಸರಳ ಸಾಫ್ಟ್‌ವೇರ್ ಯಾವುದು? ಅಥವಾ ಎಲ್ಲರಿಗೂ ಪೈಥಾನ್ ಕಲಿಸಲೇಬೇಕಾ?

ಉತ್ತರ: ಮೇಡಂ, ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲ್ಯಾಬಿಗೆ ಲ್ಯಾಬ್‌ಪ್ಲಾಟ್ ಹಾಕಿಕೊಳ್ಳಿ. ಅದು ಓಡದಷ್ಟು ಹಳೆಯ ಕಂಪ್ಯೂಟರಿದ್ದರೆ ಅಲ್ಲಿ ಗ್ನುಪ್ಲಾಟ್ ಹಾಕಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡ ಮೇಲೆ ನೆಟ್ ಕೂಡ ಬೇಡ. ಪೈಥಾನ್ ಒಳ್ಳೆಯದೇ, ಆದರೆ ಎಲ್ಲರಿಗೂ ಮೊದಲ ದಿನದಿಂದಲೇ ಬೇಡ. ಎಕ್ಸೆಲ್ ರೀಡಿಂಗ್ ತುಂಬಿಸಲು ಇರಲಿ, ಗ್ರಾಫಿಗೆ ಮತ್ತು ಫಿಟ್ಟಿಂಗಿಗೆ (ಬಿಂದುಗಳಿಗೆ ಹೊಂದುವ ಗೆರೆ ಅಥವಾ ಸಮೀಕರಣ ಹುಡುಕುವುದಕ್ಕೆ) ಬೇಡ.

ಯಾಕೆ ಹೀಗೆ ಹೇಳುತ್ತೇನೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಫ್ಟ್‌ವೇರ್ ಆರಿಸುವಾಗ ನಾನು ಮುಖ್ಯವಾಗಿ ಒಂದೇ ಮಾತು ಕೇಳುತ್ತೇನೆ. ಆರು ತಿಂಗಳ ನಂತರ ಗೈಡ್ ಬಂದು ಗ್ರಾಫಿನ ಗೆರೆಯ ಓರೆ ತೋರಿಸಿ "ಈ ಸ್ಲೋಪ್ ಎಲ್ಲಿಂದ ಬಂತಪ್ಪಾ?" ಅಂದರೆ, ಹುಡುಗ ಮೂಲ ಫೈಲಿನಿಂದ ಶುರು ಮಾಡಿ ಅದೇ ಸಂಖ್ಯೆಗೆ ಮತ್ತೆ ಬಂದು ಮುಟ್ಟಬಲ್ಲನಾ? ಬಂದರೆ ಆ ಸಾಫ್ಟ್‌ವೇರ್ ಸರಿ, ಗ್ರಾಫು ಎಷ್ಟೇ ಸಾದಾ ಇರಲಿ. ಬರದಿದ್ದರೆ ಬಣ್ಣ, ಮೆನು, ಮೂರು ಆಯಾಮದ ಚಿತ್ರ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಬೇಕಾದದ್ದು ಮೂರೇ. ಮೂಲ ಫೈಲನ್ನು ಸಾಫ್ಟ್‌ವೇರ್ ಮುಟ್ಟಬಾರದು. ಏನೇನು ಲೆಕ್ಕ ಮಾಡಿದೆವು ಅನ್ನೋದು ಎಲ್ಲಾದರೂ ಉಳಿದಿರಬೇಕು. ಬಂದ ಸಂಖ್ಯೆಯ ಜೊತೆ ಅದರ ಎರರ್, ಅಂದರೆ ಅದು ಎಷ್ಟು ಆಚೀಚೆ ಇರಬಹುದು ಅನ್ನೋದೂ ಕಾಣಬೇಕು.

ಹಾಗಾಗಿ ಸಾಫ್ಟ್‌ವೇರ್‌ಗಿಂತ ಮೊದಲು ಫೈಲನ್ನೇ ನೋಡೋಣ.

ಮಕ್ಕಳಿಗೆ ಕಲಿಸಬೇಕಾದ ಮೊದಲ ಅಭ್ಯಾಸ ಅಂದರೆ, ಬಂದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣಾರೆ ನೋಡುವುದು. ಮೇಲೆ ಎಷ್ಟು ಸಾಲು ಹೆಡರ್ ಇದೆ? ಕಾಲಂಗಳ ನಡುವೆ ಕಾಮಾ ಇದೆಯಾ, ಟ್ಯಾಬ್ ಇದೆಯಾ, ಬರೀ ಸ್ಪೇಸ್ ಇದೆಯಾ? ದಶಮಾಂಶಕ್ಕೆ ಚುಕ್ಕೆ ಹಾಕಿದ್ದಾರಾ, ಕಾಮಾ ಹಾಕಿದ್ದಾರಾ? ಜರ್ಮನಿಯಂಥ ದೇಶಗಳಲ್ಲಿ ದಶಮಾಂಶಕ್ಕೆ ಕಾಮಾ ಬಳಸುವ ರೂಢಿ. ಅಲ್ಲಿನ ಸೆಟ್ಟಿಂಗಿನಲ್ಲಿ ಉಳಿದ ಉಪಕರಣ 36,25 ಅಂತ ಬರೆದಿರುತ್ತದೆ. ನಮ್ಮ ಸಾಫ್ಟ್‌ವೇರ್ ಅದನ್ನು 36 ಮತ್ತು 25 ಅಂತ ಎರಡು ಕಾಲಂ ಮಾಡಿಬಿಡುತ್ತದೆ. ಗ್ರಾಫು ವಿಚಿತ್ರವಾಗಿ ಬಂದಾಗ ಮಕ್ಕಳು ಸ್ಯಾಂಪಲ್ ಮೇಲೆ ಅನುಮಾನ ಪಡುತ್ತಾರೆ. ತಪ್ಪು ಸ್ಯಾಂಪಲ್‌ದಲ್ಲ, ಒಂದು ಕಾಮಾದ್ದು.

ಧಾರವಾಡಕ್ಕೆ ಸ್ಯಾಂಪಲ್ ಕಳಿಸುವಾಗಲೇ ಒಂದು ಮಾತು ಹೇಳಿ ಕಳಿಸಿ. ಕರ್ನಾಟಕ ವಿಶ್ವವಿದ್ಯಾಲಯದ ಯುಎಸ್‌ಐಸಿ (ಉಪಕರಣ ಕೇಂದ್ರ) ಇರಲಿ, ಬೇರೆ ಯಾವುದೇ ಲ್ಯಾಬ್ ಇರಲಿ, "ಗ್ರಾಫಿನ ಪ್ರಿಂಟ್ ಅಥವಾ ಪಿಡಿಎಫ್ ಮಾತ್ರ ಸಾಲದು, ಎರಡು ಕಾಲಂ ಇರುವ ಟೆಕ್ಸ್ಟ್ ಫೈಲೂ ಬೇಕು" ಅಂತ ಕೇಳಿ. ಎಕ್ಸ್‌ಆರ್‌ಡಿ ಉಪಕರಣಗಳು ಕಂಪನಿಗೊಂದು ಥರದ ಫೈಲ್ ಕೊಡುತ್ತವೆ. ಅವು ಆ ಕಂಪನಿಯ ಸಾಫ್ಟ್‌ವೇರಿನಲ್ಲೇ ಸಲೀಸಾಗಿ ತೆರೆಯುತ್ತವೆ. ಟೆಕ್ಸ್ಟ್ ಫೈಲ್ ಆದರೆ ಎಲ್ಲಿ ಬೇಕಾದರೂ ತೆರೆಯುತ್ತದೆ, ಇಪ್ಪತ್ತು ವರ್ಷ ಬಿಟ್ಟರೂ ತೆರೆಯುತ್ತದೆ. ಕಂಪನಿಯ ಫೈಲನ್ನೂ ಇಸಿದುಕೊಳ್ಳಿ. ಸ್ಕ್ಯಾನ್ ವೇಗ, ಸ್ಟೆಪ್ ಗಾತ್ರ, ಬಳಸಿದ ಟ್ಯೂಬಿನ ಲೋಹ ಮುಂತಾದವು ಅದರೊಳಗೇ ಇರುತ್ತವೆ.

ಬಂದ ಫೈಲನ್ನು "ಮೂಲ" ಅಂತ ಒಂದು ಫೋಲ್ಡರಿನಲ್ಲಿ ಹಾಕಿ, ರೀಡ್ ಓನ್ಲಿ ಮಾಡಿಸಿ. ಕೆಲಸ ಎಲ್ಲ ಅದರ ನಕಲಿನ ಮೇಲೆ ನಡೆಯಲಿ.

ಇನ್ನು ಎಕ್ಸೆಲ್. ಅದನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದು ಲೆಕ್ಕಪತ್ರಕ್ಕಾಗಿ ಹುಟ್ಟಿದ್ದು, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ವಿಜ್ಞಾನದ ಡೇಟಾಕ್ಕೆ ಅದರ ಕೆಲವು ಅಭ್ಯಾಸಗಳು ಅಪಾಯ. ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಕಾಮಾ ಇರುವ ಟೆಕ್ಸ್ಟ್ ಫೈಲು) ಡಬಲ್ ಕ್ಲಿಕ್ ಮಾಡಿದ ಕೂಡಲೇ ಅದು ಕೇಳದೆ ಬದಲಾವಣೆ ಮಾಡುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಡೆ ಓದುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲದ ಪ್ರಯೋಗದಲ್ಲಿ ಎರಡನೇ ರೆಪ್ಲಿಕೇಶನ್, ಐದನೇ ಟ್ರೀಟ್‌ಮೆಂಟ್ ಅಂತ 2-5 ಎಂದು ಬರೆದಿರುತ್ತೇವೆ. ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ಬದಲಿಸಿಬಿಡುತ್ತದೆ. ಸೇವ್ ಮಾಡಿದರೆ ಮೂಲ ಹೋಯಿತು. ಜೀನ್ ಹೆಸರುಗಳಿಗೂ ಹೀಗೆಯೇ ಆಯಿತು. ಮಾರ್ಚ್1, ಸೆಪ್ಟ್2 ಎಂಬ ಹೆಸರುಗಳೆಲ್ಲ ತಾರೀಖಾಗಿ ಮಾರ್ಪಟ್ಟು ಎಷ್ಟೋ ಪ್ರಕಟಿತ ಪೇಪರುಗಳ ಪಟ್ಟಿಗಳಲ್ಲಿ ತಪ್ಪು ಉಳಿದವು. ಕೊನೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿತು. ಈ ಸುದ್ದಿ ದೊಡ್ಡದಾದದ್ದು 2020ರಲ್ಲಿ. ಈಗಿನ ಎಕ್ಸೆಲ್‌ನಲ್ಲಿ ಈ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆ ಇದೆ, ಆದರೆ ಹಳೆಯ ಕಂಪ್ಯೂಟರಿನ ಹಳೆಯ ಎಕ್ಸೆಲ್‌ನಲ್ಲಿ ಅದೆಲ್ಲಿ ಬರಬೇಕು?

ಸಾಲುಗಳ ಮಿತಿಯೂ ಇದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು, ಈಗಿನದರಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ಬರದೇ ಉಳಿದದ್ದು ಇದೇ ಹಳೆಯ ಮಿತಿಯಿಂದ. ನಿಮ್ಮಲ್ಲಿ ಯಾರಾದರೂ ಸೆಕೆಂಡಿಗೊಂದು ರೀಡಿಂಗ್ ತೆಗೆಯುವ ಲಾಗರ್ ಇಟ್ಟರೆ, ಹನ್ನೆರಡು ದಿನ ಕಳೆದು ಸ್ವಲ್ಪ ಹೊತ್ತಿಗೆಲ್ಲ ಹೊಸ ಎಕ್ಸೆಲ್ ಹಾಳೆಯೂ ತುಂಬಿಹೋಗುತ್ತದೆ.

ನಿಮ್ಮ ಲ್ಯಾಬಿನಲ್ಲಿ ದಿನಾ ಆಗುವ ತಪ್ಪು ಮಾತ್ರ ಬೇರೆಯೇ. ಎಕ್ಸೆಲ್‌ನಲ್ಲಿ "ಲೈನ್" ಅಂತ ಒಂದು ಚಾರ್ಟ್ ಇದೆ, "ಸ್ಕ್ಯಾಟರ್" ಅಂತ ಇನ್ನೊಂದಿದೆ. ಲೈನ್ ಚಾರ್ಟ್ ಎಕ್ಸ್ ಅಕ್ಷದ ಸಂಖ್ಯೆಗಳನ್ನು ಸಂಖ್ಯೆ ಅಂತ ನೋಡುವುದೇ ಇಲ್ಲ, ಹೆಸರು ಅಂತ ನೋಡುತ್ತದೆ. 10, 20, 50, 100 ಡಿಗ್ರಿಗಳನ್ನು ಸಮ ಅಂತರದಲ್ಲಿ ಕೂರಿಸಿಬಿಡುತ್ತದೆ. ನೇರ ಗೆರೆ ಬರಬೇಕಾದಲ್ಲಿ ಸೊಟ್ಟ ಗೆರೆ ಬರುತ್ತದೆ, ಸೊಟ್ಟ ಬರಬೇಕಾದಲ್ಲಿ ನೇರ ಬರುತ್ತದೆ. ಪ್ರಾಕ್ಟಿಕಲ್ ಜರ್ನಲ್ ತಿದ್ದುವಾಗ ದಯವಿಟ್ಟು ಇದೊಂದನ್ನು ಗಮನಿಸಿ. ಇನ್ನೊಂದು, "ಸ್ಮೂತ್ ಲೈನ್" ಹಾಕಿದರೆ ಬಿಂದುಗಳ ನಡುವೆ ಎಕ್ಸೆಲ್ ತನ್ನದೇ ಬಳುಕುಗಳನ್ನು ಸೇರಿಸುತ್ತದೆ. ನಾವು ಅಳೆಯದೇ ಇರುವ ಕಡೆ ಒಂದು ಪೀಕ್ ಇದ್ದಂತೆ ಕಾಣುತ್ತದೆ. ಅಳೆದದ್ದು ಬಿಂದುಗಳನ್ನು ಮಾತ್ರ. ಬಿಂದುಗಳನ್ನೇ ತೋರಿಸಬೇಕು, ಗೆರೆ ಎಳೆದರೆ ಅದು ಥಿಯರಿಯ ಗೆರೆಯಾಗಿರಬೇಕು.

ಟ್ರೆಂಡ್‌ಲೈನಿನ, ಅಂದರೆ ಬಿಂದುಗಳಿಗೆ ಹೊಂದಿಸಿ ಎಕ್ಸೆಲ್ ಎಳೆಯುವ ಗೆರೆಯ ವಿಷಯ ಇನ್ನೂ ಗಂಭೀರ. ಅದು ಸ್ಲೋಪ್ ಕೊಡುತ್ತದೆ, ಗೆರೆ ಬಿಂದುಗಳಿಗೆ ಎಷ್ಟು ಹೊಂದಿದೆ ಅಂತ ಹೇಳುವ ಆರ್ ಸ್ಕ್ವೇರ್ ಕೊಡುತ್ತದೆ. ಸ್ಲೋಪಿನ ಎರರ್ ಎಷ್ಟು ಅಂತ ಹೇಳುವುದಿಲ್ಲ. ಅದು ಬೇಕಾದರೆ ಲೈನೆಸ್ಟ್ ಎಂಬ ಬೇರೆ ಫಂಕ್ಷನ್ ಹಾಕಬೇಕು, ಅದನ್ನು ಬಳಸುವವರು ಕಡಿಮೆ. ಲೋಹದ ಉಷ್ಣ ವಿಕಾಸದ ಪ್ರಯೋಗದಂತೆ ಸ್ಲೋಪ್ ತೀರಾ ಚಿಕ್ಕದಿದ್ದರೆ ಸಮೀಕರಣದಲ್ಲಿ 2ಇ-05 (ಅಂದರೆ 0.00002) ಅಂತ ಒಂದೇ ಅಂಕಿ ಕಾಣಿಸುತ್ತದೆ. ಆ 2 ನಿಜವಾಗಿ 1.6 ಆಗಿರಬಹುದು, 2.4 ಆಗಿರಬಹುದು. ಮಕ್ಕಳು 2 ಅಂತಲೇ ಬರೆದುಕೊಂಡು ಮುಂದೆ ಹೋಗುತ್ತಾರೆ. ಲೇಬಲ್ ಮೇಲೆ ಕ್ಲಿಕ್ ಮಾಡಿ ದಶಮಾಂಶ ಸ್ಥಾನ ಹೆಚ್ಚಿಸಿದರೆ ಸರಿಯಾದದ್ದು ಕಾಣುತ್ತದೆ.

ಎಕ್ಸ್‌ಪೊನೆನ್ಶಿಯಲ್ ಟ್ರೆಂಡ್‌ಲೈನ್ ಕೂಡ ಹಾಗೆಯೇ. ಎಕ್ಸೆಲ್ ಒಳಗೊಳಗೆ ವೈ ಬೆಲೆಗಳ ಲಾಗ್ ತೆಗೆದು ನೇರ ಗೆರೆ ಹಾಕುತ್ತದೆ. ಇದರಿಂದ ಚಿಕ್ಕ ರೀಡಿಂಗುಗಳಿಗೆ ಅಗತ್ಯಕ್ಕಿಂತ ಜಾಸ್ತಿ ತೂಕ ಬರುತ್ತದೆ. ಸೊನ್ನೆ ಇದ್ದರಂತೂ ನಡೆಯುವುದೇ ಇಲ್ಲ. ವಿಕಿರಣ ಎಣಿಸುವ ಜಿಎಂ ಕೌಂಟರ್ ಪ್ರಯೋಗದಲ್ಲಿ ಕೌಂಟ್ ಇಳಿಯುತ್ತಾ ಹೋಗಿ ಬ್ಯಾಕ್‌ಗ್ರೌಂಡ್ (ಸುತ್ತಲೂ ಯಾವಾಗಲೂ ಇರುವ ವಿಕಿರಣ) ಹತ್ತಿರ ನಿಲ್ಲುತ್ತದೆ, ಅಲ್ವಾ? ಇಳಿಯುವ ಭಾಗಕ್ಕೆ ಬ್ಯಾಕ್‌ಗ್ರೌಂಡನ್ನೂ ಕೂಡಿಸಿ ಒಂದೇ ಸಮೀಕರಣ ಬರೆದು ಫಿಟ್ ಮಾಡಬೇಕು. ಆ ರೂಪ ಎಕ್ಸೆಲ್‌ನ ಟ್ರೆಂಡ್‌ಲೈನ್ ಪಟ್ಟಿಯಲ್ಲೇ ಇಲ್ಲ.

ಈಗ ಲ್ಯಾಬ್‌ಪ್ಲಾಟ್. ಇದು ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದ್ದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಮೆನು ಒತ್ತಿ ಕೆಲಸ ಮಾಡುವುದು, ಕೋಡ್ ಬರೆಯಬೇಕಿಲ್ಲ. ಒರಿಜಿನ್ ನೋಡಿದವರಿಗೆ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಫೈಲ್ ತರುವಾಗ ಯಾವ ಸಾಲಿನಿಂದ ಓದಬೇಕು, ಕಾಲಂ ನಡುವೆ ಏನಿದೆ, ದಶಮಾಂಶ ಚುಕ್ಕೆಯೋ ಕಾಮಾವೋ ಎಲ್ಲವನ್ನೂ ಕೇಳುತ್ತದೆ, ಕೆಳಗೆ ಪ್ರಿವ್ಯೂ ತೋರಿಸುತ್ತದೆ. ನೋಟ್‌ಪ್ಯಾಡಿನಲ್ಲಿ ನೋಡಿ ಬಂದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೂಲ ಫೈಲನ್ನು ಅದು ಓದುತ್ತದೆ ಅಷ್ಟೇ, ತಿದ್ದುವುದಿಲ್ಲ. ಮಾಡಿದ ಲೆಕ್ಕ, ಫಿಟ್, ಗ್ರಾಫು ಎಲ್ಲವೂ ಬೇರೊಂದು ಪ್ರಾಜೆಕ್ಟ್ ಫೈಲಿನಲ್ಲಿ ಉಳಿಯುತ್ತವೆ. ಆರು ತಿಂಗಳ ನಂತರ ತೆರೆದರೂ ಯಾವ ಕಾಲಂನಿಂದ ಯಾವ ಗ್ರಾಫು ಬಂತು ಅನ್ನೋದು ಎಡಗಡೆಯ ಪಟ್ಟಿಯಲ್ಲಿ ಕಾಣುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಥರ್ಮಿಸ್ಟರ್ (ಉಷ್ಣತೆಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಪ್ರಯೋಗ ನಿಮ್ಮಲ್ಲಿ ಇದ್ದೇ ಇರುತ್ತದೆ. ಉಷ್ಣತೆ ಸೆಲ್ಸಿಯಸ್‌ನಲ್ಲಿ, ರೆಸಿಸ್ಟೆನ್ಸ್ ಓಮ್‌ನಲ್ಲಿ. ಮೊದಲು ಉಷ್ಣತೆಗೆ 273.15 ಕೂಡಿಸಿ ಅದರ ವಿಲೋಮ ತೆಗೆಯಬೇಕು. ರೆಸಿಸ್ಟೆನ್ಸಿನ ನ್ಯಾಚುರಲ್ ಲಾಗ್ ತೆಗೆಯಬೇಕು. ಇವೆರಡನ್ನೂ ಗ್ರಾಫು ಮಾಡಿದರೆ ನೇರ ಗೆರೆ, ಸ್ಲೋಪ್ ಅಂದರೆ ಥರ್ಮಿಸ್ಟರಿನ ಬೀಟಾ. ಸಾಮಾನ್ಯವಾಗಿ 3,000ದಿಂದ 4,000 ಕೆಲ್ವಿನ್ ನಡುವೆ ಬರುತ್ತದೆ. ಲ್ಯಾಬ್‌ಪ್ಲಾಟಿನಲ್ಲಿ ಹೊಸ ಕಾಲಂ ಮಾಡಿ ಅದಕ್ಕೆ ಫಾರ್ಮುಲಾ ಕೊಟ್ಟರೆ ಇಡೀ ಕಾಲಂ ತುಂಬುತ್ತದೆ. ಆಮೇಲೆ ಅನಾಲಿಸಿಸ್ ಮೆನುವಿನಲ್ಲಿ ಫಿಟ್ ಆರಿಸಿ, ಡಿಗ್ರಿ ಒಂದರ ಪಾಲಿನಾಮಿಯಲ್ ಕೊಡಿ. ಸ್ಲೋಪ್, ಅದರ ಎರರ್, ಆರ್ ಸ್ಕ್ವೇರ್ ಎಲ್ಲ ಒಟ್ಟಿಗೆ ಬರುತ್ತವೆ. ಈಗ ಹುಡುಗಿ "ಬೀಟಾ 3,450, ಎರರ್ 40" ಅಂತ ಬರೆಯಬಹುದು. ಬರೀ 3,450 ಅನ್ನೋದಕ್ಕೂ ಇದಕ್ಕೂ ಬಹಳ ಅಂತರ ಇದೆ. ಪಕ್ಕದ ಬ್ಯಾಚಿನವರಿಗೆ 3,480 ಬಂದರೆ ಎರಡೂ ಒಂದೇ ಅಂತ ಹೇಳುವ ಧೈರ್ಯ ಆ ಎರರ್‌ನಿಂದಲೇ ಬರುತ್ತದೆ.

ಅಲ್ಲಿಗೆ ನಿಲ್ಲಬೇಡಿ. ರೆಸಿಡ್ಯುಯಲ್, ಅಂದರೆ ಪ್ರತಿ ಬಿಂದು ಗೆರೆಯಿಂದ ಎಷ್ಟು ದೂರ ಇದೆ ಅನ್ನೋದರ ಗ್ರಾಫನ್ನೂ ಹಾಕಿಸಿ. ಬಿಂದುಗಳು ಸೊನ್ನೆಯ ಮೇಲೆ ಕೆಳಗೆ ಚದುರಿದ್ದರೆ ಸರಿ. ಬಿಲ್ಲಿನಂತೆ ಬಾಗಿದ್ದರೆ ಗೆರೆ ಆ ಡೇಟಾಕ್ಕೆ ಹೊಂದುತ್ತಿಲ್ಲ, ಆರ್ ಸ್ಕ್ವೇರ್ 0.99 ಇದ್ದರೂ ಅಷ್ಟೇ. ಥರ್ಮಿಸ್ಟರಿನಲ್ಲಿ ಉಷ್ಣತೆಯ ವ್ಯಾಪ್ತಿ ದೊಡ್ಡದಾದರೆ ಈ ಬಾಗು ನಿಜವಾಗಿಯೂ ಬರುತ್ತದೆ, ಏಕೆಂದರೆ ಬೀಟಾ ಪೂರ್ತಿ ಸ್ಥಿರವಲ್ಲ. ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಚಿಕ್ಕ ಡೇಟಾ ಗುಂಪುಗಳನ್ನು ಕೊಟ್ಟರು. ನಾಲ್ಕಕ್ಕೂ ಸರಾಸರಿ ಒಂದೇ, ಫಿಟ್ ಗೆರೆ ಒಂದೇ, ಕೋರಿಲೇಶನ್ 0.816 ಒಂದೇ. ಗ್ರಾಫು ಹಾಕಿದರೆ ಒಂದು ಚದುರಿದ ಗೆರೆ, ಇನ್ನೊಂದು ಬಾಗಿದ ವಕ್ರರೇಖೆ, ಮೂರನೆಯದರಲ್ಲಿ ಒಂದು ಬಿಂದು ಹೊರಗೆ ಹಾರಿದೆ, ನಾಲ್ಕನೆಯದರಲ್ಲಿ ಒಂದೇ ಬಿಂದು ಇಡೀ ಗೆರೆಯನ್ನು ಹಿಡಿದು ನಿಲ್ಲಿಸಿದೆ. ಈ ನಾಲ್ಕು ಗುಂಪುಗಳನ್ನು ಮಕ್ಕಳ ಕೈಯಿಂದಲೇ ಹಾಕಿಸಿ. ಒಂದು ಪಿರಿಯಡ್ಡಿನಲ್ಲಿ ಮುಗಿಯುತ್ತದೆ.

ಲ್ಯಾಬ್‌ಪ್ಲಾಟಿನ ಇನ್ನೆರಡು ಅನುಕೂಲ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಪುಸ್ತಕದ ಗ್ರಾಫಿನ ಫೋಟೋ ಹಾಕಿ, ಅಕ್ಷದ ಬೆಲೆ ತೋರಿಸಿ, ಬಿಂದುಗಳ ಮೇಲೆ ಕ್ಲಿಕ್ ಮಾಡುತ್ತಾ ಹೋದರೆ ಸಂಖ್ಯೆಗಳು ಕಾಲಂ ಆಗಿ ಬರುತ್ತವೆ. ಮತ್ತೆ, ಆರ್ಡುಯಿನೋ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿಗೆ ಸೆನ್ಸರ್ ಜೋಡಿಸಿ ಯುಎಸ್‌ಬಿಯಿಂದ ಬರುವ ರೀಡಿಂಗುಗಳನ್ನು ನೇರವಾಗಿ ಓದಿ ಗ್ರಾಫು ಎಳೆಯುತ್ತದೆ. ಬಿಸಿನೀರು ತಣ್ಣಗಾಗುವುದನ್ನು ಮಕ್ಕಳು ಪರದೆ ಮೇಲೆ ನೋಡುತ್ತಾ ನೋಡುತ್ತಾ ನ್ಯೂಟನ್ನನ ನಿಯಮ ಕಲಿಯಬಹುದು.

ಎಕ್ಸ್‌ಆರ್‌ಡಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನೀವು ಕೇಳಿಲ್ಲ, ಆದರೂ ಸಾಫ್ಟ್‌ವೇರ್ ಬದಲಿಸುವಾಗ ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಪೀಕಿಗೆ ಗಾಸಿಯನ್, ಅಂದರೆ ಗಂಟೆಯಾಕಾರದ ವಕ್ರರೇಖೆ ಫಿಟ್ ಮಾಡಿದರೆ ಅಗಲ ಅಂತ ಒಂದು ಸಂಖ್ಯೆ ಬರುತ್ತದೆ. ಒಂದೊಂದು ಸಾಫ್ಟ್‌ವೇರ್ ಒಂದೊಂದನ್ನು ಅಗಲ ಅನ್ನುತ್ತದೆ. ಕೆಲವು ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಶನ್) ಕೊಡುತ್ತವೆ. ಒರಿಜಿನ್‌ನ ಗಾಸ್ ಫಂಕ್ಷನ್ನಿನಲ್ಲಿ ಬರುವ ಅಗಲ ಸಿಗ್ಮಾದ ಎರಡರಷ್ಟು. ನಮಗೆ ಬೇಕಾದದ್ದು ಅರ್ಧ ಎತ್ತರದಲ್ಲಿನ ಅಗಲ, ಅಂದರೆ ಎಫ್‌ಡಬ್ಲ್ಯುಎಚ್‌ಎಂ. ಅದು ಸಿಗ್ಮಾದ 2.355 ಪಟ್ಟು.

ಜಿಂಕ್ ಆಕ್ಸೈಡಿನ ದೊಡ್ಡ ಪೀಕ್ ತೆಗೆದುಕೊಳ್ಳಿ. ತಾಮ್ರದ ಟ್ಯೂಬಿನಲ್ಲಿ ಟೂ ಥೀಟಾ (ಪೀಕ್ ಕಾಣುವ ಕೋನ) ಸುಮಾರು 36 ಡಿಗ್ರಿ, ತರಂಗಾಂತರ 0.15406 ನ್ಯಾನೋಮೀಟರ್. ಸಿಗ್ಮಾ 0.17 ಡಿಗ್ರಿ ಬಂತು ಅನ್ನಿ. ಅರ್ಧ ಎತ್ತರದ ಅಗಲ 0.40 ಡಿಗ್ರಿ. ಪೀಕಿನ ಅಗಲದಿಂದ ಗಾತ್ರ ಹೇಳುವ ಶೆರರ್ ಸೂತ್ರಕ್ಕೆ ಹಾಕಿದರೆ ಸ್ಫಟಿಕದ ಗಾತ್ರ ಸುಮಾರು 21 ನ್ಯಾನೋಮೀಟರ್. ಸಿಗ್ಮಾವನ್ನೇ ಅಗಲ ಅಂದುಕೊಂಡರೆ 49 ಬರುತ್ತದೆ. ಅದೇ ಸ್ಯಾಂಪಲ್, ಅದೇ ಫೈಲು. ಇನ್ನು ಡಿಗ್ರಿಯನ್ನು ರೇಡಿಯನ್ ಮಾಡುವುದನ್ನು ಮರೆತರೆ 0.36 ನ್ಯಾನೋಮೀಟರ್ ಬರುತ್ತದೆ, ಹೆಚ್ಚುಕಮ್ಮಿ ಒಂದೇ ಒಂದು ಯುನಿಟ್ ಸೆಲ್ಲಿನಷ್ಟು. ಕೊಸೈನ್ ಒಳಗೆ ಹಾಕಬೇಕಾದದ್ದು ಥೀಟಾ, ಅಂದರೆ 18 ಡಿಗ್ರಿ. 36 ಅಲ್ಲ. ಉಪಕರಣ ತಾನೇ ಸೇರಿಸುವ ಅಗಲವನ್ನೂ ತೆಗೆಯಬೇಕು. ಅದಕ್ಕೆ ಸಿಲಿಕಾನ್‌ನಂಥ ಸ್ಟ್ಯಾಂಡರ್ಡ್ ಸ್ಯಾಂಪಲ್ಲಿನ ಸ್ಕ್ಯಾನನ್ನು ಅದೇ ಲ್ಯಾಬಿನಿಂದ ಕೇಳಿ ಪಡೆಯಿರಿ. ಮತ್ತೆ, ಫಿಟ್ ಮಾಡುವ ಮೊದಲು ಡೇಟಾವನ್ನು ಸ್ಮೂತ್ ಮಾಡಿಸಬೇಡಿ. ಸ್ಮೂತ್ ಮಾಡಿದರೆ ಪೀಕ್ ಅಗಲವಾಗಬಹುದು, ಎರರ್ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ.

ಯುವಿ ಫೈಲುಗಳಲ್ಲೂ ಇಂಥದೇ ಎಚ್ಚರಿಕೆ ಬೇಕು. ಹಾವೇರಿ ಕಡೆಯ ಮಕ್ಕಳು ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಪ್ರಾಜೆಕ್ಟ್ ಮಾಡುವುದುಂಟು. ಆಸ್ಟಾ ಎಂಬ ಬಣ್ಣದ ಅಳತೆಗೆ ಅಸಿಟೋನಿನಲ್ಲಿ ತೆಗೆದ ಸಾರದ ಅಬ್ಸಾರ್ಬೆನ್ಸನ್ನು (ಎಷ್ಟು ಬೆಳಕು ಹೀರಿತು ಅನ್ನೋದನ್ನು) 460 ನ್ಯಾನೋಮೀಟರಿನಲ್ಲಿ ಓದಬೇಕು. ಒಂದೇ ಸಂಖ್ಯೆ ಸಾಕು ಅಂತ ಅಷ್ಟನ್ನೇ ಬರೆದುಕೊಂಡು ಬರುತ್ತಾರೆ. ಇಡೀ ಸ್ಪೆಕ್ಟ್ರಮ್ಮಿನ ಫೈಲ್ ತಂದು ಗ್ರಾಫು ಹಾಕಿದರೆ ಬೇಸ್‌ಲೈನ್ ಮೇಲಕ್ಕೆ ಎದ್ದಿದೆಯಾ, ಸಾರ ಮಬ್ಬಾಗಿತ್ತಾ, ದ್ರಾವಣ ತೀರಾ ಗಟ್ಟಿಯಿತ್ತಾ ಎಲ್ಲ ಕಾಣುತ್ತದೆ. ಅಬ್ಸಾರ್ಬೆನ್ಸ್ 2 ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ದಾಟಿ ಬಂದಿದೆ. ಆ ಮಟ್ಟದ ರೀಡಿಂಗನ್ನು ನಂಬುವ ಬದಲು ದ್ರಾವಣ ತಿಳಿ ಮಾಡಿ ಮತ್ತೆ ಅಳೆಯುವುದು ಮೇಲು.

ಗ್ನುಪ್ಲಾಟ್ ವಿಷಯಕ್ಕೆ ಬರೋಣ. ಇದು 1986ರಿಂದ ಇದೆ. ಇನ್ನೂ ಹೊಸ ಆವೃತ್ತಿಗಳು ಬರುತ್ತಿವೆ. ಚಿಕ್ಕದು, ಹಳೆಯ ಯಂತ್ರದಲ್ಲೂ ಸಲೀಸಾಗಿ ಓಡುತ್ತದೆ. ಮೆನು ಒತ್ತುವುದು ಕಡಿಮೆ, ಆಜ್ಞೆಗಳನ್ನು ಟೈಪ್ ಮಾಡಬೇಕು. ಹಾಗಂತ ಅದು ಪ್ರೋಗ್ರಾಮಿಂಗ್ ಅಲ್ಲ. ಪ್ಲಾಟ್ ಅಂತ ಬರೆದು, ಫೈಲಿನ ಹೆಸರು ಕೊಟ್ಟು, ಯಾವ ಎರಡು ಕಾಲಂ ಅಂತ ಹೇಳಿದರೆ ಗ್ರಾಫು ಬಂತು. ಅಕ್ಷದ ಹೆಸರಿಗೆ ಒಂದು ಸಾಲು, ಲಾಗ್ ಸ್ಕೇಲಿಗೆ ಒಂದು ಸಾಲು. ಇವನ್ನೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟರೆ ಅದೇ ನಿಮ್ಮ ದಾಖಲೆ. ಒಂದೇ ಥರದ ಮೂವತ್ತು ಫೈಲಿಗೆ ಮೂವತ್ತು ಗ್ರಾಫು ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಫಿಟ್ ಮಾಡಿದಾಗ ಎರರ್ ಸಮೇತ ಉತ್ತರವನ್ನು ಒಂದು ಲಾಗ್ ಫೈಲಿನಲ್ಲೂ ತಾನೇ ಬರೆದಿಡುತ್ತದೆ.

ಎರಡು ಕಡೆ ಮಕ್ಕಳು ಸಿಕ್ಕಿಬೀಳುತ್ತಾರೆ. ಗ್ನುಪ್ಲಾಟಿನಲ್ಲಿ 1/2 ಅಂತ ಬರೆದರೆ ಉತ್ತರ ಸೊನ್ನೆ, ಏಕೆಂದರೆ ಎರಡೂ ಪೂರ್ಣಾಂಕ. 1.0/2 ಅಂತ ಬರೆಯಬೇಕು. ಇನ್ನೊಂದು, ವಕ್ರರೇಖೆಗೆ ಫಿಟ್ ಮಾಡುವಾಗ ಆರಂಭದ ಅಂದಾಜು ಬೆಲೆ ನಾವೇ ಕೊಡಬೇಕು. ಕೊಡದಿದ್ದರೆ ಅದು 1ರಿಂದ ಶುರು ಮಾಡುತ್ತದೆ, 36 ಡಿಗ್ರಿಯಲ್ಲಿರುವ ಪೀಕನ್ನು ಹುಡುಕಲಾರದೆ ಎಲ್ಲೋ ಹೋಗಿ ನಿಲ್ಲುತ್ತದೆ. ಈ ಮಾತು ಗ್ನುಪ್ಲಾಟಿಗಷ್ಟೇ ಅಲ್ಲ, ಈ ಥರ ಫಿಟ್ ಮಾಡುವ ಎಲ್ಲ ಸಾಫ್ಟ್‌ವೇರಿಗೂ ಹೊಂದುತ್ತದೆ. ಗ್ರಾಫು ನೋಡಿ ಪೀಕ್ ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಅಗಲ ಅಂತ ಅಂದಾಜು ಕೊಟ್ಟರೆ ಉಳಿದದ್ದು ಅದು ನೋಡಿಕೊಳ್ಳುತ್ತದೆ.

ಗ್ನುಪ್ಲಾಟಿಗೆ ಹೇಳಿ ಮಾಡಿಸಿದ ಕೆಲಸ ನಿಮ್ಮೂರಲ್ಲೇ ಇದೆ. ಕಪ್ಪತಗುಡ್ಡದ ಸುತ್ತ ಗಾಳಿ ಫ್ಯಾನುಗಳನ್ನು ದಿನಾ ನೋಡುವ ಮಕ್ಕಳು ಗಾಳಿಯ ವೇಗದ ಮೇಲೆ ಒಂದು ಪ್ರಾಜೆಕ್ಟ್ ಮಾಡಲಿ. ಹತ್ತು ನಿಮಿಷಕ್ಕೊಂದು ಸರಾಸರಿ ಅಂದರೆ ವರ್ಷಕ್ಕೆ 52,560 ಸಾಲು. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ವರ್ಷದ ಸರಾಸರಿ ವೇಗವೊಂದೇ ಸಾಲದು, ಯಾವ ವೇಗ ಎಷ್ಟು ಹೊತ್ತು ಬೀಸಿತು ಅಂತ ಹಿಸ್ಟೋಗ್ರಾಮ್ ಬೇಕು. ಇಲ್ಲಿ ಒಂದು ಎಚ್ಚರ. ಕರೆಂಟ್ ಹೋದಾಗ ಅಥವಾ ಸೆನ್ಸರ್ ಕೆಟ್ಟಾಗ ಕೆಲವು ಲಾಗರುಗಳು -999 ಅಂತ ಬರೆಯುತ್ತವೆ. ಅದನ್ನು "ರೀಡಿಂಗ್ ಇಲ್ಲ" ಅಂತ ಮೊದಲೇ ಹೇಳದಿದ್ದರೆ ಸರಾಸರಿಯೇ ಮೈನಸ್ ಆಗಿಬಿಡಬಹುದು. ಇನ್ನೂ ಕೆಟ್ಟದ್ದು ಸೊನ್ನೆ ಬರೆಯುವ ಲಾಗರ್. ಗಾಳಿ ನಿಂತಿತ್ತಾ, ಕರೆಂಟ್ ಹೋಗಿತ್ತಾ ಅಂತ ಆಮೇಲೆ ತಿಳಿಯುವ ದಾರಿಯೇ ಇರುವುದಿಲ್ಲ.

ಪೈಥಾನ್? ಎಂಎಸ್ಸಿಗೆ, ಸಂಶೋಧನೆಗೆ ಹೋಗುವ ಮಕ್ಕಳಿಗೆ ಖಂಡಿತ ಕಲಿಸಿ. ಲೆಕ್ಕಕ್ಕೆ ನಂಪೈ, ಸೈಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್, ಪೈಥಾನಿನ ಈ ಮೂರು ಲೈಬ್ರರಿ ಗೊತ್ತಿದ್ದರೆ ಯಾವ ಡೇಟಾ ಬಂದರೂ ಹೆದರಬೇಕಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ಶುರು ಮಾಡಿದ ಜಾನ್ ಹಂಟರ್ ವೃತ್ತಿಯಲ್ಲಿ ನರವಿಜ್ಞಾನಿ. ಮೆದುಳಿನ ಸಿಗ್ನಲ್‌ಗಳ ಡೇಟಾ ನೋಡಲು ತಮಗೆ ಬೇಕಾದ ಉಪಕರಣವನ್ನು ತಾವೇ ಬರೆದು 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಕಲಿಯುವವರಿಗೆ ಥಾನಿ ಎಂಬ ಸಣ್ಣ ಎಡಿಟರ್ ಹಾಕಿಕೊಡಿ, ಅದು ಪೈಥಾನನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ, ಹಳೆಯ ಯಂತ್ರಕ್ಕೂ ಭಾರವಲ್ಲ. ಆದರೆ ಬಿಎಸ್ಸಿ ಮೊದಲ ವರ್ಷದ ಹುಡುಗಿಗೆ ಸ್ಲೋಪ್ ಅಂದರೇನು ಅನ್ನೋದರ ಜೊತೆಗೆ ಇಂಡೆಂಟೇಶನ್ ಎರರ್ (ಕೋಡಿನ ಸಾಲಿನ ಮುಂದಿನ ಖಾಲಿ ಜಾಗದ ತಪ್ಪು) ಯಾಕೆ ಬಂತು ಅನ್ನೋದನ್ನೂ ಹೊರಿಸಿದರೆ ಎರಡೂ ತಲೆಗೆ ಹೋಗುವುದಿಲ್ಲ. ಮೊದಲು ಭೌತಶಾಸ್ತ್ರ ತಿಳಿಯಲಿ.

ಬೇರೆ ಹೆಸರುಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಸೈಡಾವಿಸ್ ಲ್ಯಾಬ್‌ಪ್ಲಾಟಿನ ಹಾಗೆಯೇ ಮೆನುವಿನದು, ಹಗುರ. ಈಗಾಗಲೇ ಹಾಕಿಕೊಂಡಿದ್ದರೆ ಬಳಸಿ. ಹೊಸದಾಗಿ ಶುರು ಮಾಡುವವರು ಲ್ಯಾಬ್‌ಪ್ಲಾಟಿಗೇ ಹೋಗಲಿ, ಅದರ ಕೆಲಸ ಚುರುಕಾಗಿ ನಡೆದಿದೆ. ವ್ಯೂಸ್ ಎಂಬುದು ಪೇಪರಿಗೆ ಕಳಿಸುವ ಚಿತ್ರಗಳಿಗೆ ಚೆಂದ. ಹವಾಮಾನದ ನೆಟ್‌ಸಿಡಿಎಫ್ ಫೈಲ್ ಬಂದರೆ ನಾಸಾದ ಪ್ಯಾನೊಪ್ಲಿಯಲ್ಲಿ ತೆರೆದು ನೋಡಿ. ಕೃಷಿ ಪ್ರಯೋಗದ ಟ್ರೀಟ್‌ಮೆಂಟುಗಳ ನಡುವಿನ ವ್ಯತ್ಯಾಸ ನಿಜವೇ ಅಂತ ನೋಡುವ ಅನೋವಾ, ಸಿಡಿ ಲೆಕ್ಕಗಳು ಬೇಕಾದವರ ದಾರಿ ಬೇರೆ. ಅವರಿಗೆ ಜಮೋವಿ, ಅಥವಾ ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಒಳ್ಳೆಯದು. ಗ್ರೇಪ್ಸ್‌ಗೆ ನೆಟ್ ಬೇಕು ಅನ್ನೋದು ನೆನಪಿರಲಿ.

ಕ್ರ್ಯಾಕ್ ಮಾಡಿದ ಒರಿಜಿನ್ ಬಗ್ಗೆ ನಿಮಗೆ ಅನಿಸಿದ್ದು ಸರಿ. ಒರಿಜಿನ್ ಒಳ್ಳೆಯ ಸಾಫ್ಟ್‌ವೇರ್, ದುಡ್ಡು ಕೊಟ್ಟ ಸಂಸ್ಥೆಗಳಲ್ಲಿ ಧಾರಾಳವಾಗಿ ಬಳಸಲಿ. ಕದ್ದದ್ದು ಮಾತ್ರ ಬೇಡ. ಕ್ರ್ಯಾಕ್ ಓಡಿಸಲು ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಅಲ್ಲಿಂದ ಬಂದ ವೈರಸ್ ಪೆನ್‌ಡ್ರೈವ್ ಹತ್ತಿ ಉಪಕರಣದ ಕಂಪ್ಯೂಟರಿಗೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರಾಮಾಣಿಕವಾಗಿ ಅಳೆಯುವುದನ್ನು ಕಲಿಸುವ ಲ್ಯಾಬಿನಲ್ಲಿ ಅದು ಇರಬಾರದು. ಈಗಾಗಲೇ ಒರಿಜಿನ್‌ನಲ್ಲಿ ಮಾಡಿಟ್ಟ ಕೆಲಸ ಹೋಗುತ್ತದೆ ಅಂತ ಹೆದರುವುದು ಬೇಡ. ಹಳೆಯ ಒಪಿಜೆ ಫೈಲುಗಳನ್ನು ಲ್ಯಾಬ್‌ಪ್ಲಾಟ್ ಬಹುಮಟ್ಟಿಗೆ ಓದುತ್ತದೆ. ಹೊಸ ಥರದ ಫೈಲುಗಳಿಗೆ ಒರಿಜಿನ್ ಕಂಪನಿಯೇ ಉಚಿತವಾಗಿ ಕೊಡುವ ವ್ಯೂವರ್ ಇದೆ. ಅದರಲ್ಲಿ ತೆರೆದು ಸಂಖ್ಯೆಗಳನ್ನು ಕಾಪಿ ಮಾಡಿಕೊಳ್ಳಬಹುದು.

ಚಿತ್ರವನ್ನು ಹೊರಗೆ ತೆಗೆಯುವಾಗ ಸ್ಕ್ರೀನ್‌ಶಾಟ್ ಬೇಡ. ಪಿಡಿಎಫ್ ಅಥವಾ ಎಸ್‌ವಿಜಿ ಮಾಡಿಸಿ, ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಒಡೆಯುವುದಿಲ್ಲ. ಎರಡು ಗೆರೆಗಳನ್ನು ಬರೀ ಕೆಂಪು, ಹಸಿರು ಬಣ್ಣದಿಂದ ಬೇರೆ ಮಾಡಬೇಡಿ. ಆ ಬಣ್ಣಗಳ ವ್ಯತ್ಯಾಸ ಕಾಣದ ಹುಡುಗರು ನಿಮ್ಮ ಕ್ಲಾಸಿನಲ್ಲೂ ಇರಬಹುದು. ಚುಕ್ಕೆ, ಚೌಕ, ತ್ರಿಕೋನ ಅಂತ ಗುರುತನ್ನೂ ಬದಲಿಸಿ.

ವಿಜ್ಞಾನ ಪ್ರದರ್ಶನಕ್ಕೆ ಕನ್ನಡದಲ್ಲೇ ಗ್ರಾಫು ಬೇಕಾದರೆ, ಅದೂ ಆಗುತ್ತದೆ. ಯುನಿಕೋಡ್ ಫಾಂಟ್ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ಕೆಲಸ ಮಾಡುವುದಿಲ್ಲ. ಗ್ನುಪ್ಲಾಟಿನಲ್ಲಿ ಪಿಎನ್‌ಜಿ ಕೈರೋ ಎಂಬ ಔಟ್‌ಪುಟ್ ಆರಿಸಿದರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತವೆ, ಅದಕ್ಕೆ ಪೋಸ್ಟರಿನ ಕೆಲಸಕ್ಕೆ ಗ್ನುಪ್ಲಾಟೇ ಅನುಕೂಲ.

ಶುರು ಮಾಡುವ ಬಗೆ ಹೀಗಿರಲಿ. ನೆಟ್ ಇರುವ ದಿನ ಲ್ಯಾಬ್‌ಪ್ಲಾಟ್, ಗ್ನುಪ್ಲಾಟ್, ಥಾನಿ ಮೂರರ ಇನ್‌ಸ್ಟಾಲರುಗಳನ್ನು ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮೊದಲು ಒಂದೇ ಕಂಪ್ಯೂಟರಿಗೆ ಹಾಕಿ ನೋಡಿ. ಹೋದ ವರ್ಷದ ಒಂದು ಥರ್ಮಿಸ್ಟರ್ ಜರ್ನಲ್ ತೆಗೆದು ಅದರ ರೀಡಿಂಗುಗಳನ್ನು ನೀವೇ ಹಾಕಿ, ಎಕ್ಸೆಲ್‌ನಲ್ಲಿ ಬಂದ ಸ್ಲೋಪಿಗೂ ಇಲ್ಲಿ ಬಂದದ್ದಕ್ಕೂ ಹೊಂದುತ್ತದಾ ಅಂತ ತಾಳೆ ನೋಡಿ. ನೇರ ಗೆರೆಯಾದರೆ ಎರಡೂ ಒಂದೇ ಬರಬೇಕು. ಬರದಿದ್ದರೆ ಯಾವ ಚಾರ್ಟ್ ಬಳಸಿದ್ದರು ಅಂತ ಮೊದಲು ನೋಡಿ. ಆಮೇಲೆ ಮಕ್ಕಳನ್ನು ಕೂರಿಸಿ. ಎಕ್ಸ್‌ಆರ್‌ಡಿ ಫೈಲ್ ಓದುವಾಗ ತೊಡಕಾದರೆ ಅದರ ಮೊದಲ ಹತ್ತು ಸಾಲು ನಕಲು ಮಾಡಿ ಕಳಿಸಿ, ಯಾವ ಸೆಟ್ಟಿಂಗ್ ಕೊಡಬೇಕು ಅಂತ ಹೇಳುತ್ತೇನೆ.